ಸಮುದಾಯದ ಬಾಳಿನಲ್ಲಿ ಕವಿಯ ಸ್ಥಾನ

(ಶತಮಾನೋತ್ಸವದ ಅಂಗವಾಗಿ ಜರುಗಿದ ಸಾಹಿತ್ಯಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಇತಿಹಾಸವನ್ನು ಹೇಳುವಾಗ ಅದನ್ನು ಕಟ್ಟಿಸಿದವರನ್ನೂ ದಾನಿಗಳನ್ನೂ ಸೇವೆ ಸಲ್ಲಿಸಿದ ಗುರುಗಳನ್ನೂ ಸ್ಮರಿಸುವುದು ವಾಡಿಕೆ. ಅದು ಯೋಗ್ಯವಾದುದೇ. ಆದರೆ ಈ ಗೋಡೆಗಳ ನಡುವೆ ಹಾಡಿದವರು ಯಾರು, ನಮ್ಮ ಜನರ ಹಾಡುಗಳನ್ನು ಕಟ್ಟಿದವರು ಯಾರು ಎಂದು ನಾವು ಕೇಳುವುದಿಲ್ಲ. ನಾಡಕವಿಯನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ನನ್ನ ಮನಸ್ಸಿಗೆ ಮೊದಲು ಬಂದುದು ಈ ಪ್ರಶ್ನೆ.

ಅರಸರ ಕಾಲದಲ್ಲಿ ಆಸ್ಥಾನಕವಿಗಳಿದ್ದರು. ಇಂಗ್ಲೆಂಡಿನಲ್ಲಿ 1668ರಲ್ಲಿ ಡ್ರೈಡನ್ ಕವಿಗೆ ಸಂದ ಅಂಥ ಪದವಿ ಇಂದಿಗೂ ಉಳಿದುಬಂದಿದೆ. ನಮ್ಮಲ್ಲಿ ಅದಕ್ಕೆ ಸಮೀಪವಾದುದು ರಾಷ್ಟ್ರಕವಿ ಎಂಬ ಬಿರುದು. 1949ರಲ್ಲಿ ಅಂದಿನ ಮದರಾಸು ಸರಕಾರವು ಮಂಜೇಶ್ವರದ ಗೋವಿಂದ ಪೈಗಳಿಗೆ ಅದನ್ನು ನೀಡಿತು. 1964ರಲ್ಲಿ ಕುವೆಂಪು ಅವರಿಗೂ 2006ರಲ್ಲಿ ಜಿ. ಎಸ್. ಶಿವರುದ್ರಪ್ಪನವರಿಗೂ ಅದು ಸಂದಿತು.

ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಪ್ರಭು ಯೇಸುವಿನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ಬರೆದರು. ಬುದ್ಧನ ಕಡೆಯ ದಿನವನ್ನು ಕುರಿತು 'ವೈಶಾಖಿ'ಯನ್ನು ಬರೆದರು. ಗುರುಮಠದಲ್ಲಿ 'ಗೊಲ್ಗೊಥಾ'ವನ್ನು ಮೊದಲು ಓದಿದಾಗ ನನಗೆ ಸಂತೋಷದೊಡನೆ ನಾಚಿಕೆಯೂ ಆಯಿತು. ನಮ್ಮ ಮನೆಯ ದುಃಖವನ್ನು ನೆರೆಮನೆಯವರೊಬ್ಬರು ನಮಗಿಂತ ಗಂಭೀರವಾದ ಕನ್ನಡದಲ್ಲಿ ನುಡಿದಿದ್ದರು. ಅನ್ಯರ ಸಂಕಟವನ್ನು ತನ್ನದೆಂದು ಬಗೆದು ಅದಕ್ಕೆ ಮಾತು ಕೊಡುವುದೇ ಕವಿಯ ಮೊದಲ ಕರ್ತವ್ಯವೆಂದು ಅಂದು ನನಗೆ ತೋರಿತು.

ಬಿರುದು ಪಡೆದವರ ಮಾತಾಯಿತು. ಇನ್ನು ನಮ್ಮ ಸೀಮೆಯನ್ನು ನೋಡೋಣ. ಇಲ್ಲಿಯ ಕವಿಗಳಿಗೆ ಜನರ ಕಂಠವೇ ಆಸ್ಥಾನ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿ ಮತ್ತು ಅಕ್ಕಿಗೆ ವಾದ ಹೂಡಿಸಿ, ಕಡೆಗೆ ಬಡವರ ರಾಗಿಗೇ ಮನ್ನಣೆ ದೊರಕಿಸಿದರು. ಕೂಲಿಕಾರನಿಗೆ ತನ್ನ ರೊಟ್ಟಿಯ ಗೌರವವನ್ನು ತಿಳಿಸಲು ಇದಕ್ಕಿಂತ ದೊಡ್ಡ ಉಪದೇಶ ಬೇಕೆ? ರಾಣೇಬೆನ್ನೂರಿನಲ್ಲಿ ಹುಟ್ಟಿದ ಹೆಳವನಕಟ್ಟೆ ಗಿರಿಯಮ್ಮನವರ ಹಾಡುಗಳು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹರಿದುಬಂದವು. ಸಭೆಯಲ್ಲಿ ಬಾಯಿ ತೆರೆಯಲಾಗದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಆ ಹಾಡು ಒಂದು ದನಿಯಾಯಿತು. ಶಿಶುನಾಳದ ಷರೀಫ ಸಾಹೇಬರು 1819ರಿಂದ 1889ರವರೆಗೆ ಬಾಳಿದರು. ಮುಸಲ್ಮಾನ ಮನೆಯಲ್ಲಿ ಹುಟ್ಟಿದ ಅವರಿಗೆ ಕಳಸದ ಗೋವಿಂದ ಭಟ್ಟರು ಗುರುಗಳಾದರು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಅವರ ತತ್ವಪದ ಎತ್ತಿಕೊಂಡರೆ ಯಾವ ಮತದವರು ಹಾಡುತ್ತಿದ್ದಾರೆಂದು ಯಾರೂ ಕೇಳುವುದಿಲ್ಲ.

ಇದು ಪವಿತ್ರ ಸಭೆಗೆ ಹೊಸದಲ್ಲ. ನಾವು ದಿನವೂ ಪಠಿಸುವ ಕೀರ್ತನೆಗಳು ಕಾವ್ಯವೇ ಅಲ್ಲವೆ? ನಾಲ್ಕನೆಯ ಶತಮಾನದಲ್ಲಿ ಸಿರಿಯಾದ ಸಂತ ಎಫ್ರೇಮರು ತಮ್ಮ ಜನರ ಭಾಷೆಯಲ್ಲಿ ಗೀತೆಗಳನ್ನು ಕಟ್ಟಿ ಸ್ತ್ರೀಯರ ಮೇಳಗಳಿಂದ ಹಾಡಿಸಿದರು. 1920ರಲ್ಲಿ ಸಭೆಯು ಅವರನ್ನು ಧರ್ಮಪಂಡಿತರೆಂದು ಸಾರಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನವು, ತಮ್ಮದೇ ಸಂಗೀತ ಪರಂಪರೆಯುಳ್ಳ ಜನರಲ್ಲಿ ಆ ಸಂಗೀತಕ್ಕೆ ತಕ್ಕ ಗೌರವವನ್ನೂ ಸ್ಥಾನವನ್ನೂ ಕೊಡಬೇಕೆಂದು ವಿಧಿಸಿತು.

ಆ ವಾಕ್ಯವನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಈಗ ನನ್ನ ತಪ್ಪೊಂದನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ನಾನು ಗುರುದೀಕ್ಷೆ ಪಡೆದು ಈ ಸೀಮೆಗೆ ಬಂದ ಮೊದಲ ವರ್ಷಗಳು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲರೊಬ್ಬರು ನಮ್ಮ ವಿಶ್ವಾಸಿಗಳಾಗಿದ್ದರು. ಅಕ್ಷರ ಬಾರದು, ಆದರೆ ಏಕತಾರಿ ಹಿಡಿದರೆ ಪದಗಳು ತಾವಾಗಿ ಬರುತ್ತಿದ್ದವು. ಒಂದು ಶುಭ ಶುಕ್ರವಾರದ ಸಂಜೆ ಅವರು ತಾವೇ ಕಟ್ಟಿದ ಪದವೊಂದನ್ನು ಭಜನೆಯ ಮಟ್ಟಿನಲ್ಲಿ ಹಾಡಿದರು. ಶಿಲುಬೆಯಿಂದ ಇಳಿಸಿದ ಮಗನ ಹೆಗಲನ್ನು ಮರಿಯಮ್ಮನವರು ಮುಟ್ಟಿ ನೋಡಿ, ಎಷ್ಟು ಭಾರ ಹೊತ್ತೆಯೆಂದು ಕೇಳುತ್ತಾರೆ; ಅದೇ ಆ ಪದದ ಸಾರ. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಂದಿದ್ದ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಅರ್ಧ ಗಂಟೆಯ ಪ್ರಬೋಧನೆಗೆ ಯಾರ ಕಣ್ಣೂ ತೇವವಾಗಿರಲಿಲ್ಲ.

ಮರುದಿನ ನಾನು ಅವರನ್ನು ಕರೆಸಿ, ದೇವಾಲಯದಲ್ಲಿ ಅಚ್ಚಾದ ಗೀತೆಪುಸ್ತಕದ ಹಾಡುಗಳನ್ನೇ ಹಾಡಬೇಕು, ಈ ಮಟ್ಟು ಇಲ್ಲಿಗೆ ತಕ್ಕದ್ದಲ್ಲ ಎಂದು ತಿಳಿಸಿದೆ. ಅವರು ವಾದಿಸಲಿಲ್ಲ. "ಆತ್ರಿ ಫಾದರ್" ಎಂದು ಕೈ ಮುಗಿದು ಹೋದರು. ಆಮೇಲೆ ಪ್ರತಿ ಭಾನುವಾರ ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಆದರೆ ಎಂದೂ ಹಾಡಲಿಲ್ಲ. ಬಹು ವರ್ಷಗಳ ತರುವಾಯ ಅವರು ತೀರಿಕೊಂಡಾಗ, ಆ ಪದ ಯಾರಿಗಾದರೂ ಬರುವುದೇ ಎಂದು ಮನೆಯಲ್ಲಿ ವಿಚಾರಿಸಿದೆ. ಅವರ ಪತ್ನಿ ಎರಡು ನುಡಿಗಳನ್ನು ನೆನಪಿಸಿಕೊಂಡು ಹೇಳಿದರು. ಉಳಿದುದು ಅವರೊಡನೆ ಮಣ್ಣಾಯಿತು.

ಪ್ರಿಯರೇ, ಕವಿಗೆ ಬಿರುದು ನೀಡುವ ಅಧಿಕಾರ ಸರಕಾರಕ್ಕಿರಬಹುದು. ಕವಿಯನ್ನು ನೀಡುವವನು ದೇವರು. ಆದರೆ ಕಿವಿಗೊಡದೆ ಅವನನ್ನು ಮೂಕನನ್ನಾಗಿಸುವ ಶಕ್ತಿ ನಮ್ಮೆಲ್ಲರಲ್ಲಿಯೂ ಇದೆ. ನಾನು ಅದನ್ನೇ ಮಾಡಿದೆ.

ಆದುದರಿಂದ ಈ ಶತಮಾನೋತ್ಸವದ ನೆನಪಿಗಾಗಿ ಒಂದು ಬಿನ್ನಹ. ನಮ್ಮ ದೀಕ್ಷಾಸ್ನಾನದ ಮತ್ತು ಮರಣದ ದಾಖಲೆ ಪುಸ್ತಕಗಳ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನು ಇಡಿಸಿದ್ದೇನೆ. ನಿಮ್ಮ ಅಜ್ಜಿ ಹಾಡುತ್ತಿದ್ದ ಜೋಗುಳ, ಮದುವೆಯ ಹಾಡು, ಸಾವಿನ ಮನೆಯ ಪದ, ಯಾವುದಿದ್ದರೂ ಅದರಲ್ಲಿ ಬರೆಸಿರಿ. ಬರೆಯಲು ಬಾರದವರು ಬಂದು ಹಾಡಿರಿ. ನಮ್ಮ ಯುವಕ ಯುವತಿಯರು ಬರೆದುಕೊಳ್ಳುತ್ತಾರೆ. ಮೊದಲ ಪುಟದಲ್ಲಿ ಆ ಎರಡು ನುಡಿಗಳನ್ನು ನಾನೇ ಬರೆದಿದ್ದೇನೆ. ಬರುವ ಶುಭ ಶುಕ್ರವಾರದಂದು ಅವನ್ನು ಅವರ ಮಟ್ಟಿನಲ್ಲಿಯೇ ಇಲ್ಲಿ ಹಾಡೋಣ. ಏಕತಾರಿಯನ್ನು ಅವರ ಮೊಮ್ಮಗ ತರುತ್ತೇನೆಂದು ಒಪ್ಪಿದ್ದಾನೆ.