ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಅಂತೀವಿ. ಪಾತ್ರೆಯೊಳಗೆ ಎಲ್ಲ ಅಗುಳಿಗೂ ನೀರು, ಕಾವು ಒಂದೇ ಸಮ. ಅದಕ್ಕೇ ಆ ಮಾತು ನಿಜ. ಆದರೆ ಹೊಲ ಪಾತ್ರೆಯಲ್ಲ. ಒಂದೇ ಹೊಲದಲ್ಲಿ ದಿಣ್ಣೆಯ ಮೇಲೆ ಗರಸು, ತಗ್ಗಿನಲ್ಲಿ ಮೆಕ್ಕಲು ಮಣ್ಣು. ಅಲ್ಲಿ ಒಂದು ತಾಕನ್ನು ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀವಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರ ಹೊಲದಲ್ಲಿ ಹೊಸ ರಾಗಿ ತಳಿ ಹಾಕಿಸಿದೆ. ಪಕ್ಕದ ಹಳೇ ತಳಿಗಿಂತ ತೆನೆ ಜೋರಾಗಿ ಬಂತು. ಊರವರನ್ನೆಲ್ಲ ಕರೆದು ತೋರಿಸಿದೆ. ಮಾರನೆಯ ವರ್ಷ ಒಬ್ಬ ತಾಯಿ ಸಾಲ ಮಾಡಿ ಎರಡು ಎಕರೆಗೂ ಅದನ್ನೇ ಬಿತ್ತಿದರು. ಹಳೆಯದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ವಿಚಾರಿಸಿದಾಗ ತಿಳಿಯಿತು, ನಾನು ಹೊಸ ಬೀಜ ಹಾಕಿಸಿದ್ದು ಹಿಂದೆ ತಿಪ್ಪೆ ಇದ್ದ ಜಾಗ. "ಸ್ವಾಮಿ, ಆವತ್ತು ಗೆದ್ದದ್ದು ಬೀಜವೋ, ತಿಪ್ಪೆಯೋ?" ಎಂದು ಆಕೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಗೆ ದಾರಿ ಹಾಕಿಕೊಟ್ಟವರು ರೊನಾಲ್ಡ್ ಫಿಷರ್ ಎಂಬ ಗಣಿತ ಬಲ್ಲವರು. 1919ರಲ್ಲಿ ಅವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರಕ್ಕೆ ಸೇರಿದರು. ಅವರು ಹೇಳಿದ್ದು ಎರಡು ಮಾತು. ಒಂದೇ ಪ್ರಯೋಗವನ್ನು ಹಲವು ತಾಕುಗಳಲ್ಲಿ ಮಾಡಿ. ಯಾವ ತಾಕಿಗೆ ಯಾವುದು ಎಂಬುದನ್ನು ನೀವು ಆರಿಸಬೇಡಿ, ಚೀಟಿ ಎತ್ತಿ ಗೊತ್ತುಮಾಡಿ.

ನೀವೂ ಇದನ್ನು ಮಾಡಬಹುದು. ಆರು ಮನೆಯವರು ಸೇರಿಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ಅಕ್ಕಪಕ್ಕ ಎರಡೆರಡು ಗುಂಟೆಯ ಎರಡು ತಾಕು ಗುರುತು ಮಾಡಿ. ಹೊಸ ಬೀಜ ಯಾವುದಕ್ಕೆ ಎಂದು ನಾಣ್ಯ ಚಿಮ್ಮಿ ನೋಡಿ. ಉಳುಮೆ, ಗೊಬ್ಬರ, ಬಿತ್ತನೆಯ ದಿನ, ಕಳೆ ತೆಗೆಯುವುದು ಎರಡಕ್ಕೂ ಒಂದೇ ಇರಲಿ. ಕಣದಲ್ಲಿ ಬೇರೆಬೇರೆಯಾಗಿ ತೂಗಿ ಬರೆದಿಡಿ.

ಈಗ ಲೆಕ್ಕ. ಮೊದಲು "ಎರಡು ಬೀಜಕ್ಕೂ ಏನೂ ಫರಕಿಲ್ಲ" ಎಂದೇ ಇಟ್ಟುಕೊಳ್ಳಿ. ತಿಳಿದವರು ಇದನ್ನು ಶೂನ್ಯ ಕಲ್ಪನೆ ಎನ್ನುತ್ತಾರೆ. ಫರಕಿಲ್ಲದಿದ್ದರೆ, ಒಂದೊಂದು ಹೊಲದಲ್ಲೂ ಯಾವುದು ಗೆಲ್ಲುತ್ತದೆ ಎಂಬುದು ನಾಣ್ಯ ಬಿದ್ದ ಹಾಗೆ, ಬರೀ ಅದೃಷ್ಟ. ಆ ಅದೃಷ್ಟದಿಂದಲೇ ಆರಕ್ಕೆ ಆರೂ ಹೊಲದಲ್ಲಿ ಹೊಸದು ಗೆಲ್ಲುವುದು 64 ಸಲಕ್ಕೆ ಒಂದು ಸಲ ಮಾತ್ರ. ಹಾಗೆ ಬಂದರೆ "ಫರಕಿಲ್ಲ" ಎಂಬ ಮಾತನ್ನು ಕೈಬಿಡಬಹುದು. ಐದೋ ಆರೋ ಗೆಲ್ಲುವುದು 64ಕ್ಕೆ 7 ಸಲ, ಅಂದರೆ ಸುಮಾರು ಒಂಬತ್ತಕ್ಕೆ ಒಂದು ಸಲ, ಸುಮ್ಮನೆಯೇ ಆಗಬಹುದು. ಸಾಮಾನ್ಯವಾಗಿ ಇಪ್ಪತ್ತಕ್ಕೆ ಒಂದಕ್ಕಿಂತ ಅಪರೂಪವಾದರೆ ಮಾತ್ರ ನಂಬುವುದು ವಾಡಿಕೆ. ಆದ್ದರಿಂದ ಐದು ಗೆದ್ದರೆ ಅವಸರ ಬೇಡ. ಮುಂದಿನ ಹಂಗಾಮಿನಲ್ಲಿ ಇನ್ನಷ್ಟು ಹೊಲ ಸೇರಿಸಿ ಹೊಸದಾಗಿ ನೋಡಿ.

ಎರಡು ಎಚ್ಚರಿಕೆ. ರುಜುವಾತಾಗಲಿಲ್ಲ ಎಂದರೆ ಬೀಜ ಕೆಟ್ಟದ್ದು ಎಂದಲ್ಲ. ನಮಗೆ ಇನ್ನೂ ಗೊತ್ತಾಗಿಲ್ಲ ಎಂದಷ್ಟೇ. ಹಾಗೆಯೇ, ಆರೂ ಹೊಲದಲ್ಲಿ ಗೆದ್ದರೂ, ಹೆಚ್ಚು ಬಂದದ್ದು ಗುಂಟೆಗೆ ಅರ್ಧ ಕಿಲೋ ಮಾತ್ರವಾಗಿ ಬೀಜದ ಬೆಲೆ ಅದಕ್ಕಿಂತ ಜಾಸ್ತಿಯಾದರೆ ಲಾಭವೇನು? ಗೆದ್ದದ್ದನ್ನೂ ಎಣಿಸಿ, ಎಷ್ಟರಿಂದ ಗೆದ್ದಿತು ಎಂಬುದನ್ನೂ ತೂಗಿ.

ಯಾರಾದರೂ ಒಂದು ಹಸಿರು ತಾಕು ತೋರಿಸಿ ಕೊಳ್ಳಿ ಎಂದರೆ, ಅದು ನಾನೇ ಆಗಿದ್ದರೂ ಸರಿ, ಕೇಳಿ: "ಎಷ್ಟು ಹೊಲದಲ್ಲಿ ನೋಡಿದಿರಿ? ತಾಕನ್ನು ಆರಿಸಿದವರು ಯಾರು?" ಉತ್ತರ ಸಿಕ್ಕಮೇಲೆ ಗಂಟು ಬಿಚ್ಚಿ.