ಎದೆಯ ಮೇಲಿನ ಅಕ್ಷರ

ಸೈನ್ಯದಲ್ಲಿ ಎರಡು ಜಾತಿಗಳುಂಟು. ಶ್ರೋತೃಗಳು ಹುಬ್ಬೇರಿಸಬೇಕಾಗಿಲ್ಲ, ಅಧಿಕಾರಿಗಳದೊಂದು, ಉಳಿದವರದೊಂದು. ಊಟದ ಪಂಕ್ತಿ ಬೇರೆ, ಉಡುಪು ಬೇರೆ, ಹಡಗಿನಲ್ಲಿ ಮಲಗುವ ಎಡೆಯೂ ಬೇರೆ. ಈ ಗೆರೆಯನ್ನು ದಾಟಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ದಾಟಿ, ತುತ್ತತುದಿಯನ್ನು ಮುಟ್ಟಿದವರು ತೀರ ವಿರಳ. ಅಮೆರಿಕದ ಜೆರೆಮಿ ಮೈಕೆಲ್ ಬೂರ್ಡಾ ಅಂಥವರಲ್ಲೊಬ್ಬರು.

1939ರಲ್ಲಿ ಇಂಡಿಯಾನಾ ಪ್ರಾಂತ್ಯದ ಸೌತ್ ಬೆಂಡ್‌ನಲ್ಲಿ ಹುಟ್ಟಿದ ಈ ಹುಡುಗ, ಶಾಲೆಯನ್ನು ನಡುವೆಯೇ ಬಿಟ್ಟು 1956ರಲ್ಲಿ ನೌಕಾಪಡೆಯನ್ನು ಸೇರಿದ. ಆಗ ಅವನಿಗೆ ಹದಿನಾರು ವರ್ಷ. ಅದು ಸಾಲದೆಂದು ಹೆಚ್ಚಿನ ವಯಸ್ಸು ಹೇಳಿದ. ಶಾಲೆಗೆ ಸೇರಿಸಿಕೊಂಡ ಮೇಷ್ಟರು ಬರೆದದ್ದನ್ನೇ ಹುಟ್ಟಿದ ದಿನವೆಂದು ನಂಬಿ ನಿವೃತ್ತರಾದ ನನ್ನಂಥವರು ಇದಕ್ಕಾಗಿ ಅವನನ್ನು ಜರೆಯಲಾರೆವು. ದೊರೆತ ಕೆಲಸವೇನೂ ವೀರೋಚಿತವಾದುದಲ್ಲ: ಸಿಬ್ಬಂದಿಯ ಕಾಗದಪತ್ರಗಳನ್ನು ನೋಡಿಕೊಳ್ಳುವುದು. 1962ರಲ್ಲಿ ಆಯ್ಕೆಯಾಗಿ, ನ್ಯೂಪೋರ್ಟಿನಲ್ಲಿ ತರಬೇತಿ ಪಡೆದು ಅಧಿಕಾರಿಯಾದ. ಪದವಿ ಪರೀಕ್ಷೆ ಮುಗಿದದ್ದು 1971ರಲ್ಲಿ. ಯುದ್ಧನೌಕೆಗಳ ಸಾರಥ್ಯವೂ ಬಂದಿತು. 1988ರಲ್ಲಿ ಇಡೀ ನೌಕಾಪಡೆಯ ಸಿಬ್ಬಂದಿ ವಿಭಾಗಕ್ಕೇ ಅವರು ಮುಖ್ಯಸ್ಥರಾದರು. ಒಂದು ಕಾಲಕ್ಕೆ ಗುಮಾಸ್ತನಾಗಿ ಮಗುಚಿದ ಕಾಗದಗಳೇ ಈಗ ಅವರ ಸಹಿಗೆ ಬರುತ್ತಿದ್ದವು!

1991ರ ಕೊನೆಯಲ್ಲಿ ದಕ್ಷಿಣ ಯೂರೋಪಿನ ನ್ಯಾಟೋ ಪಡೆಗಳ ದಂಡನಾಯಕತ್ವ. 1994ರ ಫೆಬ್ರವರಿ 28ರಂದು ಬೋಸ್ನಿಯಾದ ಆಕಾಶದಲ್ಲಿ ನಾಲ್ಕು ವಿಮಾನಗಳನ್ನು ಹೊಡೆದುರುಳಿಸಿದ್ದು ಅವರ ಅಧಿಕಾರಾವಧಿಯಲ್ಲಿಯೇ. ಆ ಒಕ್ಕೂಟ ಹುಟ್ಟಿದ ಮೇಲೆ ನಡೆಸಿದ ಮೊದಲ ಕಾಳಗವದು. ಅದೇ ಏಪ್ರಿಲಿನಲ್ಲಿ ಅವರು ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾದರು. ಸಾಮಾನ್ಯ ನಾವಿಕನಾಗಿ ಸೇರಿ ಆ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. ಏರಿದವರು ಏಣಿಯನ್ನು ಒದೆಯುವುದೇ ಲೋಕರೂಢಿ. ಬೂರ್ಡಾ ಹಾಗೆ ಮಾಡಲಿಲ್ಲ. ಸಾಮಾನ್ಯ ನಾವಿಕರನ್ನು ಅಧಿಕಾರಿಗಳನ್ನಾಗಿ ಮಾಡುವ, ನಿಂತುಹೋಗಿದ್ದ ಹಳೆಯ ಯೋಜನೆಯೊಂದನ್ನು ಅದೇ ವರ್ಷ ಮತ್ತೆ ತೆರೆದರು.

ಇನ್ನು ಹೇಳಬೇಕಾದುದು ಕಷ್ಟದ ಸಂಗತಿ. ವಿಯೆಟ್ನಾಂ ಯುದ್ಧಕಾಲದ ಸೇವೆಗಾಗಿ ಅವರಿಗೆ ದೊರೆತಿದ್ದ ಎರಡು ಪದಕಗಳ ಪಟ್ಟಿಯ ಮೇಲೆ 'ವಿ' ಎಂಬ ಪುಟ್ಟ ಲೋಹದ ಅಕ್ಷರವನ್ನು ಅವರು ವರ್ಷಗಟ್ಟಲೆ ಧರಿಸಿದ್ದರು. ಅದು ರಣರಂಗದ ಶೌರ್ಯದ ಗುರುತು. ಅದಕ್ಕೆ ಅವರು ಅರ್ಹರೇ ಎಂಬ ಪ್ರಶ್ನೆ ಎದ್ದಾಗ, ಅದನ್ನು ತೆಗೆದೂಬಿಟ್ಟರು. ಆದರೆ ಪ್ರಶ್ನೆ ಹಿಂದೆಯೇ ಬಂದಿತು. 1996ರ ಮೇ 16ರಂದು ಪತ್ರಕರ್ತರು ಅದನ್ನೇ ಕೇಳಲು ಬರುವವರಿದ್ದರು. ಅವರು ಬರುವ ಮೊದಲೇ, ಐವತ್ತಾರು ವರ್ಷದ ಬೂರ್ಡಾ ತಮ್ಮ ಜೀವವನ್ನು ತಾವೇ ಕಳೆದುಕೊಂಡರು.

ನಮ್ಮ ವೀರಗಲ್ಲುಗಳು ನೆನಪಾಗುತ್ತವೆ. ಅವನ್ನು ನಿಲ್ಲಿಸುತ್ತಿದ್ದವರು ಉಳಿದವರು. ತುರುಗೊಳಲ್ಲಿ ಮಡಿದವನು ತನ್ನ ಕಲ್ಲನ್ನು ತಾನು ಹೊತ್ತು ತಿರುಗಬೇಕಾಗಿರಲಿಲ್ಲ. ಬದುಕಿರುವವನ ಎದೆಯ ಮೇಲೆ ಶೌರ್ಯದ ಲೆಕ್ಕವಿಡುವ ಪದ್ಧತಿಯಲ್ಲಿ ಏನೋ ಕ್ರೌರ್ಯವಿದೆಯೆಂದು ನನಗನ್ನಿಸುತ್ತದೆ. ಗೆರೆ ದಾಟಿ ಬಂದವನನ್ನಂತೂ ಆ ಲೆಕ್ಕ ಇಮ್ಮಡಿಯಾಗಿ ಕಾಡೀತು. ಕರ್ಣನನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆಂದು ತಪ್ಪನ್ನು ತಪ್ಪಲ್ಲವೆನ್ನಲಾಗದು. ಸಾವಿರಾರು ನಾವಿಕರು ಕಣ್ಣಿಟ್ಟು ನೋಡುತ್ತಿದ್ದ ಎದೆ ಅದು.

ವಿಯೆಟ್ನಾಂ ಯುದ್ಧಕಾಲದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಎಲ್ಮೊ ಜಮ್‌ವಾಲ್ಟ್, ಬೂರ್ಡಾ ಆ ಅಕ್ಷರವನ್ನು ಧರಿಸಿದ್ದು ಉಚಿತವೇ ಆಗಿತ್ತೆಂದು ಪತ್ರ ಬರೆದರು. 1998ರಲ್ಲಿ ಅದನ್ನು ಬೂರ್ಡಾ ಅವರ ಸೇವಾ ಕಡತಕ್ಕೆ ಸೇರಿಸಲಾಯಿತು. ಮರುವರ್ಷ ನೌಕಾ ಇಲಾಖೆಯ ಮಂಡಳಿ ದಾಖಲೆಗಳನ್ನು ಪರಿಶೀಲಿಸಿ, ಅವರಿಗೆ ಆ ಅಧಿಕಾರವಿರಲಿಲ್ಲವೆಂದು ತೀರ್ಮಾನಿಸಿತು.