ಇತಿಹಾಸದ ಬಿಂದುಗಳು, ಕಾದಂಬರಿಯ ರೇಖೆ



ಚಿತ್ರದುರ್ಗ ಜಿಲ್ಲೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಒನಕೆ ಓಬವ್ವನ ಕಥೆಯನ್ನು ಹೇಳುವವರು ಸಿಗುತ್ತಾರೆ. ಕಹಳೆಯ ಕಾವಲುಗಾರ ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ಹೋದ ಹೆಂಡತಿ, ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡಳು. ಒನಕೆ ಹಿಡಿದು ನಿಂತಳು. ಆದರೆ ಆಕೆಯ ಮುಖವನ್ನು ನೆನೆಸಿಕೊಳ್ಳಿ ಎಂದರೆ ಬಹಳ ಜನರ ಕಣ್ಣಮುಂದೆ ಬರುವುದು ನಟಿ ಜಯಂತಿಯವರ ಮುಖ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ, 1972ರಲ್ಲಿ, ಅವರು ಓಬವ್ವನಾಗಿ ಕಾಣಿಸಿಕೊಂಡಿದ್ದು ಕೆಲವೇ ನಿಮಿಷ. ಆ ನಿಮಿಷಗಳು ಇಡೀ ನಾಡಿನ ನೆನಪಾಗಿಬಿಟ್ಟವು. ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ಹೆಮ್ಮೆಯ ಸಂಗತಿ, ಜೊತೆಗೆ ಎಚ್ಚರಿಕೆಯ ಮಾತೂ ಹೌದು. ಕಲ್ಪಿಸಿದ್ದು ಚೆನ್ನಾಗಿದ್ದರೆ ಜನ ಅದನ್ನೇ ನಡೆದದ್ದು ಎಂದು ನಂಬುತ್ತಾರೆ. ಐತಿಹಾಸಿಕ ಕಾದಂಬರಿಯ ಶಕ್ತಿಯೂ ಇದೇ, ಹೊಣೆಯೂ ಇದೇ.

ಹಾಗಾದರೆ ಕಾದಂಬರಿಕಾರನಿಗೆ ಎಷ್ಟು ಸ್ವಾತಂತ್ರ್ಯವುಂಟು? ವಿಜ್ಞಾನ ಓದಿದವರಿಗೆ ಒಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ಪ್ರಯೋಗದಲ್ಲಿ ದೊರೆತ ಅಳತೆಗಳನ್ನು ನಕ್ಷೆಯ ಹಾಳೆಯ ಮೇಲೆ ಬಿಂದುಗಳಾಗಿ ಗುರುತಿಸುತ್ತೇವೆ. ಬಿಂದುಗಳ ನಡುವೆ ಖಾಲಿ ಜಾಗ ಇರುತ್ತದೆ. ಅಲ್ಲಿ ರೇಖೆ ಎಳೆಯುವವರು ನಾವು. ರೇಖೆ ಚೆನ್ನಾಗಿ ಬರಲೆಂದು ಬಿಂದುವನ್ನು ಮಾತ್ರ ಕದಲಿಸುವಂತಿಲ್ಲ. ಐತಿಹಾಸಿಕ ಕಾದಂಬರಿಗೂ ಇದೇ ನಿಯಮ ಎಂದು ನನಗನಿಸುತ್ತದೆ.

ದುರ್ಗದ ಪತನವನ್ನೇ ತೆಗೆದುಕೊಳ್ಳಿ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಕೊನೆಯ ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಸಾವಿರಾರು ಬೇಡ ಕುಟುಂಬಗಳನ್ನೂ ಅಲ್ಲಿಗೆ ಸಾಗಿಸಿದರು. ಇವು ಬಿಂದುಗಳು. ಮೈಸೂರಿನ ಚರಿತ್ರೆ ಬರೆದ ಇಂಗ್ಲಿಷ್ ಅಧಿಕಾರಿ ವಿಲ್ಕ್ಸ್ ಇದನ್ನೆಲ್ಲ ಕೆಲವೇ ಪುಟಗಳಲ್ಲಿ ಮುಗಿಸುತ್ತಾನೆ. ರೈಸ್ ಸಾಹೇಬರು 1903ರಲ್ಲಿ ಪ್ರಕಟಿಸಿದ ಜಿಲ್ಲೆಯ ಶಾಸನ ಸಂಪುಟದಲ್ಲಿ ದಾನ, ದತ್ತಿ, ಗುಡಿ, ಕೆರೆಗಳ ವಿವರ ಸಿಗುತ್ತದೆ. ಆದರೆ ಕೋಟೆ ಬಿದ್ದ ರಾತ್ರಿ ಒಬ್ಬ ತಾಯಿ ಮಕ್ಕಳಿಗೆ ಏನು ಹೇಳಿದಳು? ಶ್ರೀರಂಗಪಟ್ಟಣದ ದಾರಿಯಲ್ಲಿ ಯಾರು ಹಿಂತಿರುಗಿ ಬೆಟ್ಟವನ್ನು ನೋಡಿದರು? ಯಾವ ಶಾಸನವೂ ಇದನ್ನು ಹೇಳುವುದಿಲ್ಲ. ಅಲ್ಲಿಂದ ಮುಂದೆ ಕಾದಂಬರಿಕಾರನ ಕೆಲಸ.

ಆ ಕೆಲಸಕ್ಕೆ ತಮ್ಮ ಬಾಳಿನ ದೊಡ್ಡ ಪಾಲನ್ನೇ ಕೊಟ್ಟವರು ತ.ರಾ.ಸು. 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದರೂ ಅವರ ಹೆಸರಿನ ಮೊದಲಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕನ್ನು ಸೂಚಿಸುತ್ತದೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದ ಕಾದಂಬರಿಗಳಲ್ಲಿ ಪಾಳೆಯಗಾರರ ಮನೆಯೊಳಗಿನ ಒಳಸಂಚುಗಳನ್ನೂ ರಕ್ತಪಾತವನ್ನೂ ಬರೆದರು. ದುರ್ಗದ ಪತನದ ಕಥೆಯಾದ ‘ದುರ್ಗಾಸ್ತಮಾನ’ ಬಂದದ್ದು ಎಲ್ಲಕ್ಕಿಂತ ಕೊನೆಗೆ, 1982ರಲ್ಲಿ. ಎರಡು ವರ್ಷಗಳಲ್ಲಿ ಅವರು ತೀರಿಕೊಂಡರು. ಆ ಕೃತಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಸ್ವೀಕರಿಸಲು ಲೇಖಕರೇ ಇರಲಿಲ್ಲ.

ಲೇಖಕನ ಬದುಕು ಅವನ ಇತಿಹಾಸದೃಷ್ಟಿಯನ್ನು ರೂಪಿಸುತ್ತದೆ. ತ.ರಾ.ಸು. ಸ್ವಾತಂತ್ರ್ಯ ಚಳವಳಿಯಲ್ಲಿದ್ದವರು, ಪ್ರಗತಿಶೀಲ ಪಂಥದವರು. ಅವರ ದುರ್ಗದಲ್ಲಿ ಸ್ವಾಭಿಮಾನದ ಬಿಸಿ ಇದೆ. ಮಾಸ್ತಿಯವರು ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದು 1943ರಲ್ಲಿ ರಾಜೀನಾಮೆ ಕೊಟ್ಟವರು. ಬಿದನೂರಿನ ‘ಚೆನ್ನಬಸವನಾಯಕ’ದಲ್ಲಿ, ಕೊಡಗಿನ ‘ಚಿಕವೀರರಾಜೇಂದ್ರ’ದಲ್ಲಿ ಅವರು ಕೇಳುವ ಪ್ರಶ್ನೆ ಬೇರೆ: ಆಳುವವನು ಕೆಟ್ಟರೆ ರಾಜ್ಯ ಹೇಗೆ ಕೆಡುತ್ತದೆ? ಬಿದ್ದ ರಾಜ್ಯಗಳ ಬಗ್ಗೆಯೇ ಇಬ್ಬರೂ ಬರೆದರು. ಎಳೆದ ರೇಖೆಗಳು ಬೇರೆ ಬೇರೆ. ಆದ್ದರಿಂದ ಐತಿಹಾಸಿಕ ಕಾದಂಬರಿಯನ್ನು ಓದುವಾಗ ಅದನ್ನು ಬರೆದವರ ಕಾಲವನ್ನೂ ಓದುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಬರೆಯಲು ಹೊರಟವರಿಗೆ ತೊಡಕುಗಳು ಸಣ್ಣ ಸಂಗತಿಗಳಲ್ಲೇ ಎದುರಾಗುತ್ತವೆ. ಹಿರಿಯೂರು ಸೀಮೆಯಲ್ಲಿ ಮದಕರಿಯ ದಂಡು ಸಾಗುತ್ತಿದೆ ಎಂದು ಬರೆಯುತ್ತೀರಿ ಎನ್ನೋಣ. ದಾರಿಯ ಎರಡೂ ಕಡೆ ಸೂರ್ಯಕಾಂತಿ ಹೊಲಗಳನ್ನು ಇಟ್ಟರೆ ತಪ್ಪಾಯಿತು. ಎಣ್ಣೆಬೀಜದ ಬೆಳೆಯಾಗಿ ಸೂರ್ಯಕಾಂತಿ ನಮ್ಮಲ್ಲಿ ಕಾಲಿಟ್ಟದ್ದು 1970ರ ಸುಮಾರಿಗೆ. ನಾಲೆಯ ನೀರು ಹರಿಸಿದರೂ ತಪ್ಪೇ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿದ್ದು 1898ರಿಂದ 1907ರವರೆಗೆ. ರಾಗಿ, ನವಣೆ, ಸಜ್ಜೆಯ ಹೊಲಗಳನ್ನು ಇಡಿ, ಓದುಗ ನಂಬುತ್ತಾನೆ. ಇಂಥ ಪರಿಶೀಲನೆ ಬೇಸರದ ಕೆಲಸವೆನಿಸಬಹುದು. ಆದರೆ ಬೆಳೆ, ಊಟ, ದಾರಿ ಸರಿಯಾದಾಗಲೇ ಪಾತ್ರಗಳ ಬಾಯಿಗೆ ಮಾತು ಬರುತ್ತದೆ.

ಇತಿಹಾಸವೆಂದರೆ ಕೋಟೆ ಕೊತ್ತಲಗಳಿರುವ ಊರಿನದೇ ಆಗಬೇಕಿಲ್ಲ. ಹಿರಿಯೂರಿಗೆ ಹತ್ತಿರದ ಬಬ್ಬೂರನ್ನು ನೋಡಿ. ಹೊರಗಿನವರಿಗೆ ಅದು ಬಬ್ಬೂರು ಫಾರಂ ಎಂಬ ಕೃಷಿ ಸಂಶೋಧನೆಯ ತಾಣ. ಆದರೆ ಬಬ್ಬೂರುಕಮ್ಮೆ ಎಂಬ ಸಮುದಾಯದ ಹೆಸರಿನಲ್ಲಿ ಈ ಊರು ನಾಡಿನ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಎಂದೋ ಊರು ಬಿಟ್ಟವರು ಹೆಸರನ್ನು ಮಾತ್ರ ಏಕೆ ಬಿಡಲಿಲ್ಲ? ಬಿಟ್ಟುಹೋಗುವಾಗ ಗಾಡಿಯಲ್ಲಿ ಏನೇನು ಹೇರಿಕೊಂಡರು? ಒಂದು ಕಾದಂಬರಿಗೆ ಇಷ್ಟು ಪ್ರಶ್ನೆ ಸಾಕು.

ಇನ್ನೊಂದು ವಿಷಯವನ್ನಂತೂ ಮುಂದೂಡುವ ಹಾಗಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬೀಳಲು 89 ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಜನ ಸಾಲುಗಟ್ಟಿ ಹೋಗಿ ನೋಡಿದರು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ನೀರಿನ ಮಟ್ಟ 130 ಅಡಿ ಮುಟ್ಟಿತೆಂಬುದು ಕಡತದಲ್ಲಿದೆ. 1933ರ ಕೋಡಿಯನ್ನು ಹತ್ತು ವರ್ಷದ ಹುಡುಗರಾಗಿ ಕಂಡವರಿಗೆ ಈಗ ನೂರು ದಾಟಿದೆ. ಅವರು ಹೇಳಿದ ಮಾತುಗಳು ಈಗ ಮಕ್ಕಳು ಮೊಮ್ಮಕ್ಕಳ ನೆನಪಿನಲ್ಲಿವೆ. ಅಣೆಕಟ್ಟೆಗೆ ಕಲ್ಲು ಹೊತ್ತವರ, ಮುಳುಗಿದ ಹಳ್ಳಿಗಳನ್ನು ಬಿಟ್ಟು ಎದ್ದುಬಂದವರ ಕಥೆಗಳೂ ಹೀಗೆಯೇ ಸವೆಯುತ್ತಿವೆ. ಓಬವ್ವ ನಮಗೆ ದಕ್ಕಿದ್ದು ಮುಖ್ಯವಾಗಿ ಜನರ ಬಾಯಿಮಾತಿನಿಂದ. ಅದನ್ನು ಯಾರೂ ಹೇಳದೆ ಬಿಟ್ಟಿದ್ದರೆ ಯಾವ ಕಾದಂಬರಿಯೂ ಅವಳನ್ನು ತಂದುಕೊಡುತ್ತಿರಲಿಲ್ಲ.

ಆದ್ದರಿಂದ ಬರೆಯುವ ಆಸೆಯುಳ್ಳ ಓದುಗರಿಗೆ ಎರಡು ಪುಸ್ತಕ ಇಟ್ಟುಕೊಳ್ಳಿ ಎನ್ನುತ್ತೇನೆ. ಒಂದರಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ, ಹೇಳಿದವರ ಹೆಸರು, ಊರು, ತಾರೀಖಿನೊಡನೆ ಬರೆದಿಡಿ. ಇನ್ನೊಂದರಲ್ಲಿ ನಿಮ್ಮ ಕಲ್ಪನೆಗೆ ಪೂರ್ತಿ ಸ್ವಾತಂತ್ರ್ಯ ಕೊಡಿ. ಕಾದಂಬರಿ ಅಚ್ಚಾಗುವ ದಿನ ಬಂದರೆ, ಯಾವುದು ನಡೆದದ್ದು, ಯಾವುದು ನಿಮ್ಮದು ಎಂದು ಮುನ್ನುಡಿಯಲ್ಲಿ ನಾಲ್ಕು ಸಾಲು ಹೇಳಿ. ಅಚ್ಚಾಗದೇ ಹೋದರೂ ಚಿಂತೆಯಿಲ್ಲ. ಮೊದಲನೆಯ ಪುಸ್ತಕ ಮನೆಯಲ್ಲಿರಲಿ. ಮುಂದೆ ಹುಟ್ಟಿಬರುವ ಕಾದಂಬರಿಕಾರನಿಗೆ ಅದರಲ್ಲಿ ಬಿಂದುಗಳು ಸಿಗುತ್ತವೆ.